ಮಾತಿಗೆ ತಂತಿ ಬೇಡವೆಂದ ಧರ್ಮಗುರು: ವಂ. ಲ್ಯಾಂಡೆಲ್ ಡಿ ಮೌರಾ

ರೇಡಿಯೋ ಎಂದೊಡನೆ ನಮಗೆಲ್ಲ ನೆನಪಾಗುವುದು ಮಾರ್ಕೋನಿಯ ಹೆಸರು. ಶಾಲೆಯ ಪಾಠದಲ್ಲಿ ಓದಿದ್ದೂ ಅದನ್ನೇ. ಆದರೆ ಮಾರ್ಕೋನಿ ಮೊದಲು ಕಳುಹಿಸಿದ್ದು ಮಾತನ್ನಲ್ಲ, ಮೋರ್ಸ್ ಸಂಕೇತದ ಚುಕ್ಕಿ ಮತ್ತು ಗೆರೆಗಳನ್ನು. ಮನುಷ್ಯನ ಧ್ವನಿಯನ್ನೇ ತಂತಿಯಿಲ್ಲದೆ ದೂರಕ್ಕೆ ಮುಟ್ಟಿಸಲು ಹೊರಟ ಮೊದಲಿಗರಲ್ಲಿ ಒಬ್ಬ ಕಥೋಲಿಕ ಧರ್ಮಗುರುವೂ ಇದ್ದರು. ಅವರೇ ಬ್ರೆಜಿಲ್ ದೇಶದ ವಂ. ರೋಬೆರ್ಟೊ ಲ್ಯಾಂಡೆಲ್ ಡಿ ಮೌರಾ. ತಮ್ಮ ದೇಶದಲ್ಲಿ ಇಂದು ಪ್ರಸಿದ್ಧರಾಗಿರುವ ಇವರ ಹೆಸರನ್ನು ನಮ್ಮಲ್ಲಿ ಕೇಳಿದವರು ಕಡಿಮೆ. ಅವರ ಬದುಕನ್ನು ಇಲ್ಲಿ ಸಂಕ್ಷಿಪ್ತವಾಗಿ ಪರಿಚಯಿಸುತ್ತಿದ್ದೇವೆ.

ಪೋರ್ಟೊ ಅಲೆಗ್ರೆಯಿಂದ ರೋಮ್‌ಗೆ

ಬ್ರೆಜಿಲ್‌ನ ದಕ್ಷಿಣ ತುದಿಯ ಪೋರ್ಟೊ ಅಲೆಗ್ರೆ ನಗರದಲ್ಲಿ 1861ರ ಜನವರಿ 21ರಂದು ರೋಬೆರ್ಟೊ ಹುಟ್ಟಿದರು. ಜೆಸುಯಿಟ್ ಗುರುಗಳ ಶಾಲೆಯಲ್ಲಿ ಓದಿ, ಗುರುವಾಗುವ ಆಸೆಯಿಂದ ರೋಮ್ ನಗರಕ್ಕೆ ತೆರಳಿದರು. ಅಲ್ಲಿನ ಗ್ರೆಗೋರಿಯನ್ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರದ ಜೊತೆಗೆ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರವನ್ನೂ ಅಭ್ಯಾಸ ಮಾಡಿದರು. 1886ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ವಿಜ್ಞಾನ ಮತ್ತು ವಿಶ್ವಾಸ ಒಂದಕ್ಕೊಂದು ವಿರೋಧವೆಂದು ಅವರಿಗೆ ಎಂದೂ ಅನಿಸಲಿಲ್ಲ. ಈ ನಿಲುವನ್ನು ಕೊನೆಯವರೆಗೂ ಉಳಿಸಿಕೊಂಡರು.

ಊರಿಗೆ ಮರಳಿದ ಅವರಿಗೆ ಒಂದರ ನಂತರ ಒಂದು ಚರ್ಚಿಗೆ ವರ್ಗವಾಯಿತು. ಸಾಂತೋಸ್, ಕಂಪಿನಾಸ್, ಸಾವೊ ಪಾವ್ಲೊ ನಗರದ ಸಾಂತಾನ, ಹೀಗೆ ಸಾಗಿತು ಸೇವೆ. ಹೋದಲ್ಲೆಲ್ಲ ಬಲಿಪೂಜೆ, ಪಾಪನಿವೇದನೆ, ರೋಗಿಗಳ ಭೇಟಿ ಮುಗಿಸಿ ಉಳಿದ ಹೊತ್ತನ್ನು ತಾವೇ ಕಟ್ಟಿದ ಉಪಕರಣಗಳ ಮುಂದೆ ಕಳೆಯುತ್ತಿದ್ದರು. ಅವರ ಬೆನ್ನಿಗೆ ವಿಶ್ವವಿದ್ಯಾಲಯವಾಗಲಿ, ಕಂಪೆನಿಯಾಗಲಿ ಇರಲಿಲ್ಲ. ಕೈಯಲ್ಲಿದ್ದದ್ದು ಒಬ್ಬ ಗುರುವಿನ ಅಲ್ಪ ಆದಾಯ ಮಾತ್ರ.

1900ರ ಜೂನ್ 3

ಸಾವೊ ಪಾವ್ಲೊದಲ್ಲಿ 1900ರ ಜೂನ್ 3ರಂದು ವಂ. ಲ್ಯಾಂಡೆಲ್ ತಮ್ಮ ಉಪಕರಣಗಳನ್ನು ಸಾರ್ವಜನಿಕವಾಗಿ ಪ್ರದರ್ಶಿಸಿದರು. ಬ್ರಿಟಿಷ್ ಕಾನ್ಸುಲ್ ಸೇರಿದಂತೆ ಗಣ್ಯರು ಹಾಜರಿದ್ದರು. ಒಂದು ವಾರದ ಬಳಿಕ, ಜೂನ್ 10ರಂದು, ರಿಯೋ ಡಿ ಜನೈರೊದ 'ಜೊರ್ನಾಲ್ ಡೊ ಕೊಮೆರ್ಸಿಯೊ' ಪತ್ರಿಕೆ ಇದನ್ನು ವರದಿ ಮಾಡಿತು. ಅದೇ ವರ್ಷದ ಡಿಸೆಂಬರ್ 23ರಂದು ಅಮೆರಿಕದಲ್ಲಿ ರೆಜಿನಾಲ್ಡ್ ಫೆಸೆಂಡೆನ್ ಸುಮಾರು 1.6 ಕಿ.ಮೀ. ದೂರಕ್ಕೆ ರೇಡಿಯೋ ಅಲೆಗಳ ಮೂಲಕ ಮಾತು ಕಳುಹಿಸಿದರು. ಅಂದರೆ ಗುರುಗಳ ಪ್ರದರ್ಶನ ಆರು ತಿಂಗಳು ಮುಂಚಿನದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಅಭಿಮಾನಿಗಳು ಈ ಪ್ರಯೋಗವನ್ನು 1893-94ಕ್ಕೇ ಒಯ್ಯುವುದುಂಟು. ಆದರೆ ಆ ಕಾಲಕ್ಕೆ ಸೇರಿದ ದಾಖಲೆ ಅದಕ್ಕಿಲ್ಲ. ಅದು ಬಹಳ ಕಾಲದ ನಂತರ ಬರೆದ ಮಾತು. ಅಲ್ಲದೆ ಗುರುಗಳು ಧ್ವನಿ ಸಾಗಿಸಲು ಬೆಳಕಿನ ಕಿರಣವನ್ನೂ ಬಳಸುತ್ತಿದ್ದರು, ವಿದ್ಯುತ್ ಕಿಡಿಯಿಂದ ಏಳುವ ಅಲೆಗಳನ್ನೂ ಬಳಸುತ್ತಿದ್ದರು. ಆ ದಿನ ಯಾವುದರ ಪಾಲು ಎಷ್ಟು ಎಂಬ ಬಗ್ಗೆ ಚರ್ಚೆಯಿದೆ. ಇಷ್ಟನ್ನು ಒಪ್ಪಿಕೊಂಡರೂ ಅವರ ಸಾಧನೆ ಕಿರಿದಾಗುವುದಿಲ್ಲ. ಜಗತ್ತು ಚುಕ್ಕಿ-ಗೆರೆಗಳಲ್ಲೇ ತೃಪ್ತಿಪಟ್ಟಿದ್ದಾಗ ಅವರ ಮನಸ್ಸು ಮಾತಿನ ಮೇಲಿತ್ತು.

ಅವರ ಯಂತ್ರದಲ್ಲಿ ಮಾತನಾಡುವವರ ಧ್ವನಿಯ ಕಂಪನವೇ ಕಿಡಿಯನ್ನು ನಿಯಂತ್ರಿಸುತ್ತಿತ್ತು. ಕಿಡಿ ಬದಲಾದಂತೆ ಹೊರಡುವ ಅಲೆಯೂ ಬದಲಾಗುತ್ತಿತ್ತು. ಧ್ವನಿಯ ಏರಿಳಿತಕ್ಕೆ ತಕ್ಕಂತೆ ಅಲೆಯ ಬಲವನ್ನು ಹೆಚ್ಚು ಕಡಿಮೆ ಮಾಡುವ ಕ್ರಮವನ್ನು ಮುಂದೆ ಎ.ಎಂ. ಎಂದು ಕರೆದರು. ನಮ್ಮ ಹಿರಿಯರು ಆಕಾಶವಾಣಿಯ ಮಧ್ಯಮ ತರಂಗದಲ್ಲಿ ವಾರ್ತೆ ಕೇಳಿದ್ದು ಈ ಕ್ರಮದಿಂದಲೇ. ಗುರುಗಳ ಕಿಡಿಯಂತ್ರ ಆ ದಾರಿಯ ಆರಂಭದ ಹೆಜ್ಜೆಗಳಲ್ಲಿ ಒಂದು.

ಪೇಟೆಂಟ್ ಸಿಕ್ಕಿತು, ಮನ್ನಣೆ ಸಿಗಲಿಲ್ಲ

1901ರ ಮಾರ್ಚ್ 9ರಂದು ಬ್ರೆಜಿಲ್ ಸರಕಾರ ಅವರಿಗೆ 3279ನೇ ಸಂಖ್ಯೆಯ ಪೇಟೆಂಟ್ ನೀಡಿತು. ಆಕಾಶ, ಭೂಮಿ, ನೀರು ಈ ಮೂರರ ಮೂಲಕವೂ, ತಂತಿಯಿಂದಲೂ ತಂತಿಯಿಲ್ಲದೆಯೂ ಧ್ವನಿ ಸಾಗಿಸುವ ಉಪಕರಣಕ್ಕೆ ಸಂದ ಹಕ್ಕು ಅದು. ಅದೇ ವರ್ಷ ಅವರು ಅಮೆರಿಕಕ್ಕೆ ಹೊರಟರು. ನ್ಯೂಯಾರ್ಕ್‌ನಲ್ಲಿ ಹಣದ ಮುಗ್ಗಟ್ಟಿನಲ್ಲೇ ವರ್ಷಗಳನ್ನು ಕಳೆದರು. 1902ರ ಅಕ್ಟೋಬರ್‌ನಲ್ಲಿ 'ನ್ಯೂಯಾರ್ಕ್ ಹೆರಾಲ್ಡ್' ಪತ್ರಿಕೆ ಅವರ ಕೆಲಸದ ಬಗ್ಗೆ ಲೇಖನ ಪ್ರಕಟಿಸಿತು. ಕೊನೆಗೂ 1904ರಲ್ಲಿ ಮೂರು ಅಮೆರಿಕನ್ ಪೇಟೆಂಟ್‌ಗಳು ಕೈಸೇರಿದವು: ಅಕ್ಟೋಬರ್ 11ರಂದು ತರಂಗ ಪ್ರೇಷಕಕ್ಕೆ, ನವೆಂಬರ್ 22ರಂದು ತಂತಿರಹಿತ ದೂರವಾಣಿಗೆ ಮತ್ತು ತಂತಿರಹಿತ ಟೆಲಿಗ್ರಾಫ್‌ಗೆ.

ಈ ಕಾಗದಗಳೊಂದಿಗೆ ತಾಯ್ನಾಡಿಗೆ ಮರಳಿದ ಗುರುಗಳು ಅಧ್ಯಕ್ಷ ರೋಡ್ರಿಗೆಸ್ ಆಲ್ವೆಸ್ ಅವರ ಸರಕಾರಕ್ಕೆ ಒಂದು ಮನವಿ ಮಾಡಿಕೊಂಡರು. ಎರಡು ನೌಕೆಗಳನ್ನು ಕೊಟ್ಟರೆ ಸಮುದ್ರದಲ್ಲಿ ದೂರ ದೂರ ನಿಲ್ಲಿಸಿ ಮಾತನಾಡಿಸಿ ತೋರಿಸುತ್ತೇನೆ ಎಂಬುದೇ ಆ ಮನವಿ. ವಿಚಾರಿಸಲು ಬಂದ ಅಧಿಕಾರಿಗೆ ಗುರುಗಳು, ಒಂದು ದಿನ ಬೇರೆ ಗ್ರಹಗಳೊಂದಿಗೂ ಮಾತನಾಡಬಹುದು ಎಂದರಂತೆ. ಇವರಿಗೆ ಬುದ್ಧಿಭ್ರಮಣೆ ಎಂದು ಆತ ವರದಿ ಮಾಡಿದ್ದರಿಂದ ನೌಕೆಗಳು ಬರಲೇ ಇಲ್ಲ ಎಂದು ಜೀವನಚರಿತ್ರೆಗಳು ಹೇಳುತ್ತವೆ. ಕಡಲ ಮಕ್ಕಳಾದ ನಮಗೆ ಆ ಮನವಿಯ ಬೆಲೆ ಬೇಗ ಅರ್ಥವಾಗುತ್ತದೆ. ನಡುಗಡಲಲ್ಲಿ ಇರುವವರ ಮಾತು ದಡಕ್ಕೆ ಕೇಳಿಸುವುದೆಂದರೆ ಅದು ಜೀವದ ಪ್ರಶ್ನೆ.

ಜನರ ಅಪನಂಬಿಕೆಯೂ ಕಡಿಮೆ ಇರಲಿಲ್ಲ. ಕಾಣದ ಬಾಯಿಂದ ಮಾತು ಹೊರಡಿಸುವ ಗುರು ಮಾಟಗಾರನಿರಬೇಕು ಎಂದು ಶಂಕಿಸಿ, ಕಂಪಿನಾಸ್‌ನಲ್ಲಿ ಅವರ ಪ್ರಯೋಗಶಾಲೆಯನ್ನೇ ಒಡೆದು ಹಾಕಿದರೆಂಬ ಕಥೆ ಇದೆ. ಅದೇನೇ ಇರಲಿ, ಅವರು ಗುರುವಸ್ತ್ರವನ್ನು ತ್ಯಜಿಸಿ ಸಂಶೋಧಕರಾಗಿ ಬಾಳಲು ಹೋಗಲಿಲ್ಲ. ಮತ್ತೆ ಚರ್ಚ್ ಸೇವೆಗೆ ಮರಳಿ, ಕೊನೆಗೆ ಹುಟ್ಟೂರು ಪೋರ್ಟೊ ಅಲೆಗ್ರೆಯಲ್ಲಿ ನೆಲೆಸಿದರು.

1922ರ ಸೆಪ್ಟೆಂಬರ್ 7ರಂದು ಬ್ರೆಜಿಲ್ ತನ್ನ ಸ್ವಾತಂತ್ರ್ಯದ ನೂರನೇ ವರ್ಷವನ್ನು ಆಚರಿಸಿತು. ಆ ದಿನ ರಿಯೋದಲ್ಲಿ ಅಧ್ಯಕ್ಷರ ಭಾಷಣ ರೇಡಿಯೋದಲ್ಲಿ ಪ್ರಸಾರವಾಯಿತು. ಉಪಕರಣಗಳು ಅಮೆರಿಕದಿಂದ ಬಂದಿದ್ದವು. ಅದೇ ದೇಶದ ಒಂದು ಚರ್ಚಿನಲ್ಲಿ 61 ವರ್ಷದ ವಂ. ಲ್ಯಾಂಡೆಲ್ ಇನ್ನೂ ಸೇವೆಯಲ್ಲಿದ್ದರು. 1928ರ ಜೂನ್ 30ರಂದು ಅವರು ಕ್ಷಯರೋಗದಿಂದ ತೀರಿಕೊಂಡರು. ಮೂರು ವರ್ಷ ತುಂಬುವ ಮೊದಲೇ, 1931ರ ಫೆಬ್ರವರಿ 12ರಂದು, ಮಾರ್ಕೋನಿ ಕಟ್ಟಿದ ವ್ಯಾಟಿಕನ್ ರೇಡಿಯೋದಲ್ಲಿ 11ನೇ ಪಿಯುಸ್ ಜಗದ್ಗುರುಗಳು ಇಡೀ ಲೋಕವನ್ನುದ್ದೇಶಿಸಿ ಮಾತನಾಡಿದರು. ಗುರುಗಳು ಅದನ್ನು ಕೇಳಲು ಉಳಿದಿರಲಿಲ್ಲ.

ಹ್ಯಾಮ್‌ಗಳು ಮರಳಿ ತಂದ ಹೆಸರು

ಅವರ ಹೆಸರನ್ನು ಉಳಿಸಿದವರಲ್ಲಿ ಹವ್ಯಾಸಿ ರೇಡಿಯೋದವರ, ಅಂದರೆ ಹ್ಯಾಮ್‌ಗಳ, ಪಾಲು ದೊಡ್ಡದು. ಬ್ರೆಜಿಲ್‌ನ ಹ್ಯಾಮ್‌ಗಳು ಅವರನ್ನು ತಮ್ಮ ಪೋಷಕರೆಂದು ಗೌರವಿಸುತ್ತಾರೆ. ಇದು ತಕ್ಕುದೇ. ಸ್ವಂತ ಖರ್ಚಿನಲ್ಲಿ, ಲಾಭದ ಆಸೆಯಿಲ್ಲದೆ, ಮನೆಯಲ್ಲೇ ಕಟ್ಟಿದ ಸೆಟ್ಟಿನಿಂದ ದೂರದವರೊಂದಿಗೆ ಮಾತನಾಡುವ ಈ ಹವ್ಯಾಸ ಅವರ ಬದುಕಿಗೆ ಬಹಳ ಹತ್ತಿರದ್ದು.

ಹ್ಯಾಮ್‌ಗಳ ನಡುವೆ 1950-60ರ ದಶಕಗಳಲ್ಲಿ ಎ.ಎಂ. ಹಿಂದೆ ಸರಿದು ಎಸ್.ಎಸ್.ಬಿ. ಎಂಬ ಕ್ರಮ ಬಂತು. ಅದಕ್ಕೆ ಕಾರಣವಿತ್ತು. ಎ.ಎಂ.ನಲ್ಲಿ ಪೂರ್ತಿ ಧ್ವನಿ ತುಂಬಿದಾಗಲೂ ಮೂರರಲ್ಲಿ ಎರಡು ಪಾಲು ಶಕ್ತಿ ಬರಿಯ ವಾಹಕ ಅಲೆಗೇ ಹೋಗುತ್ತದೆ, ಜಾಗವೂ ಇಮ್ಮಡಿ ಬೇಕು. ಆದರೂ ಕೆಲವರು ಹಳೆಯ ವಾಲ್ವ್ ಸೆಟ್ಟುಗಳನ್ನು ರಿಪೇರಿ ಮಾಡಿ ಎ.ಎಂ.ಗೆ ಮರಳುತ್ತಾರೆ. ಅದರ ತುಂಬಿದ, ಸಹಜವಾದ ಧ್ವನಿಯೇ ಅವರಿಗೆ ಇಷ್ಟ. ಇದಕ್ಕೆ ಹಳ್ಳಿಮನೆ ಅನುಕೂಲ. 80 ಮೀಟರ್ ಬ್ಯಾಂಡಿಗೆ ಸುಮಾರು 40 ಮೀಟರ್ ಉದ್ದದ ತಂತಿಯನ್ನು ಮರದಿಂದ ಮರಕ್ಕೆ ಕಟ್ಟಬಹುದು, ಪೇಟೆಯ ವಿದ್ಯುತ್ ಗದ್ದಲವೂ ಅಲ್ಲಿ ಕಡಿಮೆ.

ಹಾಗೆಯೇ ಪೋರ್ಟೊ ಅಲೆಗ್ರೆಯ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರತಿಷ್ಠಾನ 1984ರಲ್ಲಿ ಗುರುಗಳ ತರಂಗ ಪ್ರೇಷಕದ ಪ್ರತಿಕೃತಿಯನ್ನು ಕಟ್ಟಿತು. 2012ರಲ್ಲಿ ಬ್ರೆಜಿಲ್ ಕಾನೂನಿನ ಮೂಲಕವೇ ಅವರ ಹೆಸರನ್ನು ರಾಷ್ಟ್ರವೀರರ ಪುಸ್ತಕದಲ್ಲಿ ಸೇರಿಸಿತು. ಆಗ ಅವರು ತೀರಿಕೊಂಡು 84 ವರ್ಷಗಳು ಕಳೆದಿದ್ದವು.

ಮಾತು ಕಳುಹಿಸುವವನ ಜಾಣ್ಮೆಯಷ್ಟೇ ಸಾಲದು, ಕಿವಿಗೊಡುವವರೂ ಬೇಕು. ವಂ. ಲ್ಯಾಂಡೆಲ್ ಅವರಿಗೆ ಒದಗದೆ ಹೋದದ್ದು ಅದೇ. ನಮ್ಮ ಚರ್ಚುಗಳಲ್ಲಿ, ಶಾಲೆಗಳಲ್ಲಿ, ನೆರೆಮನೆಗಳಲ್ಲಿ ಏನನ್ನೋ ಕಟ್ಟುತ್ತ ಕುಳಿತವರನ್ನು ಮರುಳರೆಂದು ನಗುವ ಮೊದಲು ಅವರು ಹೇಳುವುದನ್ನು ಒಮ್ಮೆ ಕೇಳಿಸಿಕೊಳ್ಳೋಣ.