ಪುರಸಭೆಯಲ್ಲಿ ಪಟೇಲರು

ಸರ್ದಾರ ವಲ್ಲಭಭಾಯಿ ಪಟೇಲರ ಹೆಸರೆತ್ತಿದೊಡನೆ ಬಾರ್ಡೋಲಿಯ ಸತ್ಯಾಗ್ರಹವೂ ಐನೂರಕ್ಕೂ ಮಿಕ್ಕಿದ ಸಂಸ್ಥಾನಗಳ ವಿಲೀನವೂ ಕಣ್ಣ ಮುಂದೆ ನಿಲ್ಲುತ್ತವೆ. ಕನ್ನಡಿಗರಾದ ನಮಗೆ ಇನ್ನೆರಡು ಸಂಗತಿಗಳು ನೆನಪಾಗದೆ ಇರವು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಳಿಕೆ ಮುಗಿದು ಬೀದರ, ಗುಲಬರ್ಗಾ, ರಾಯಚೂರುಗಳ ಜನ ನೆಮ್ಮದಿಯ ಉಸಿರು ಬಿಟ್ಟದ್ದು ಅವರು ಗೃಹಮಂತ್ರಿಗಳಾಗಿದ್ದ ಕಾಲದಲ್ಲಿ. ಅದೇ ವರ್ಷದ ಕೊನೆಗೆ ಜಯಪುರದ ಕಾಂಗ್ರೆಸ್ ಅಧಿವೇಶನದಲ್ಲಿ ನೇಮಕವಾದ ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಸೀತಾರಾಮಯ್ಯನವರ ಸಮಿತಿ, ಭಾಷಾವಾರು ಪ್ರಾಂತರಚನೆಯನ್ನು ಮುಂದೂಡಬೇಕೆಂದು 1949ರಲ್ಲಿ ಸಲಹೆಯಿತ್ತದ್ದೂ ನಿಜ. ಏಕೀಕರಣಕ್ಕಾಗಿ ದುಡಿದ ನಮ್ಮ ಹಿರಿಯರಿಗೆ ಅದರಿಂದಾದ ನೋವು ಸಣ್ಣದಲ್ಲ. ರಾಜ್ಯೋತ್ಸವದ ಸಂಚಿಕೆಯಲ್ಲಿ ಅವರ ಮಾತೇಕೆ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯಲ್ಲಿ ತಪ್ಪಿಲ್ಲ.

ಆದರೆ ಇಲ್ಲಿ ಹೇಳಹೊರಟಿರುವುದು ದಿಲ್ಲಿಯ ಪಟೇಲರ ಕಥೆಯಲ್ಲ. ಅದಕ್ಕೆ ಮೊದಲು ಅಹಮದಾಬಾದಿನ ಮುನಿಸಿಪಾಲಿಟಿಯಲ್ಲಿ ಚರಂಡಿ, ನಲ್ಲಿ, ಮನೆಪಟ್ಟಿ, ಬೀದಿಗಳ ಲೆಕ್ಕ ನೋಡುತ್ತಿದ್ದ ಪಟೇಲರ ಕಥೆ. ಪರಸ್ಥಳದಲ್ಲಿ ಮನೆ ಮಾಡಿಕೊಂಡು, ಅಲ್ಲಿಯ ನೀರು ಕುಡಿದು, ಅಲ್ಲಿಯ ಕರ ತೆತ್ತು ಬಾಳುವ ನಮ್ಮಂಥವರಿಗೆ ಈ ಪಟೇಲರೇ ಹೆಚ್ಚು ಹತ್ತಿರದವರೆಂದು ನನ್ನ ಭಾವನೆ.

ಅವರು ಹುಟ್ಟಿದ್ದು 1875ರಲ್ಲಿ, ಖೇಡಾ ಜಿಲ್ಲೆಯ ನಡಿಯಾದದಲ್ಲಿ. ಬೆಳೆದದ್ದು ಕರಮಸದದ ಒಕ್ಕಲು ಮನೆಯಲ್ಲಿ. ವಕೀಲಿ ಪರೀಕ್ಷೆ ಮುಗಿಸಿ ಗೋಧ್ರಾ, ಬೋರಸದಗಳಲ್ಲಿ ಕೆಲಸ ಮಾಡಿದರು. 1909ರಲ್ಲಿ ಪತ್ನಿ ತೀರಿಕೊಂಡರು. ಮರುವರ್ಷ ಇಂಗ್ಲಂಡಿಗೆ ಹೋಗಿ ಬ್ಯಾರಿಸ್ಟರಾಗಿ 1913ರಲ್ಲಿ ಮರಳಿ, ಅಹಮದಾಬಾದಿನಲ್ಲಿ ನೆಲೆಸಿದರು. ಕೈತುಂಬ ವರಮಾನ, ಒಳ್ಳೆಯ ಉಡುಪು, ಸಂಜೆ ಗುಜರಾತ ಕ್ಲಬ್ಬಿನಲ್ಲಿ ಇಸ್ಪೀಟಾಟ. ಗಾಂಧೀಜಿ ಆ ಕ್ಲಬ್ಬಿಗೆ ಬಂದಾಗಲೂ ಮೊದಮೊದಲು ಇವರು ಆಟ ಬಿಟ್ಟು ಏಳಲಿಲ್ಲವಂತೆ. ಇಂಥವರು ಊರಿನ ಚರಂಡಿಯ ಗೊಡವೆಗೆ ಬಿದ್ದದ್ದೇ ಒಂದು ಸೋಜಿಗ.

ಆಗ ಆ ಪಟ್ಟಣದ ಜನಸಂಖ್ಯೆ ಎರಡೂವರೆ ಲಕ್ಷದ ಆಸುಪಾಸು. ಸುತ್ತ ಹಳೆಯ ಕೋಟೆ. ಒಳಗೆ ಪೋಳ ಎಂದು ಕರೆಯುವ ಇಕ್ಕಟ್ಟಾದ ಓಣಿಗಳು. ಒಂದೊಂದು ಪೋಳಕ್ಕೂ ಒಂದು ಹೆಬ್ಬಾಗಿಲು. ಒಳಗಿರುವವರು ಬಹುಮಟ್ಟಿಗೆ ಒಂದೇ ಜಾತಿಯವರೋ ಒಂದೇ ಕಸುಬಿನವರೋ. ಮನೆಯ ಹೊಲಸು ನೀರು ಹಿತ್ತಿಲ ಗುಂಡಿಯಲ್ಲೇ ಇಂಗಬೇಕು. ಕೋಟೆಯ ಹೊರಗೆ ಹತ್ತಿ ಗಿರಣಿಗಳ ಚಿಮಣಿಗಳು, ಅವುಗಳನ್ನು ನಂಬಿ ಹಳ್ಳಿಗಳಿಂದ ಬಂದ ಕೂಲಿಕಾರರ ಚಾಳುಗಳು. ಈ ಊರಿನ ಪುರಸಭೆಯ ಮೂಲವೂ ವಿನೋದವಾದದ್ದು. 1830ರ ದಶಕದಲ್ಲಿ ಪಾಳುಬಿದ್ದ ಕೋಟೆಗೋಡೆಯ ದುರಸ್ತಿಗಾಗಿ ತುಪ್ಪ ಮೊದಲಾದ ಸರಕುಗಳ ಮೇಲೆ ಸುಂಕ ಹಾಕಿ ಒಂದು ನಿಧಿ ಕೂಡಿಸಿದರು. ಅದನ್ನು ನೋಡಿಕೊಳ್ಳಲು ಒಂದು ಸಮಿತಿ ಮಾಡಿದರು. 1858ರಲ್ಲಿ ಮುನಿಸಿಪಾಲಿಟಿ ಬಂತು. ಗೋಡೆ ಕಟ್ಟಲು ಹುಟ್ಟಿದ ಸಂಸ್ಥೆಯೇ ಮುಂದೆ ಆ ಗೋಡೆಯನ್ನು ಕೆಡವಬೇಕಾಯಿತು. ಪಟೇಲರಿಗಿಂತ ಮೊದಲು ಅಲ್ಲಿ ಹೆಸರಾದವರು ಗಿರಣಿ ಉದ್ಯಮದ ಮೂಲಪುರುಷ ರಣಛೋಡಲಾಲ ಛೋಟಾಲಾಲರು. ಕೊಳಾಯಿ ನೀರು, ಒಳಚರಂಡಿಗಳನ್ನು ಆ ಊರಿಗೆ ತರಲು ಅವರು ಪಟ್ಟ ಪಾಡು ಅಷ್ಟಿಷ್ಟಲ್ಲ. ಜನಕ್ಕೆ ನೀರು ಬೇಕಿತ್ತು, ಅದರ ಕರ ಬೇಡವಾಗಿತ್ತು.

1917ರ ಜನವರಿಯಲ್ಲಿ ದರಿಯಾಪುರ ವಾರ್ಡಿನ ಉಪಚುನಾವಣೆಗೆ ಪಟೇಲರು ನಿಂತರು. ಒಂದೇ ಒಂದು ಮತದಿಂದ ಗೆದ್ದರು. ಆ ಚುನಾವಣೆ ರದ್ದಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಎದುರಾಳಿಯಿಲ್ಲದೆ ಮತ್ತೆ ಆರಿಸಿ ಬಂದರು. ಒಂದು ಓಟಿನಿಂದ ಏನಾದೀತು ಎಂದು ಮತದಾನದ ದಿನ ಮನೆಯಲ್ಲಿ ಕುಳಿತುಕೊಳ್ಳುವ ನಮ್ಮ ಮಿತ್ರರು ಇದನ್ನು ಗಮನಿಸಬಹುದು.

ಆಗ ದೊಡ್ಡ ಮುನಿಸಿಪಾಲಿಟಿಗಳಿಗೆ ಸರಕಾರವೇ ಒಬ್ಬ ಐ.ಸಿ.ಎಸ್. ಅಧಿಕಾರಿಯನ್ನು ಕಮಿಷನರನನ್ನಾಗಿ ಕಳಿಸುವ ಏರ್ಪಾಡು ಹೊಸದಾಗಿ ಬಂದಿತ್ತು. ಅಹಮದಾಬಾದಿಗೆ ಬಂದಿದ್ದವರು ಶಿಲಿಡಿ ಎಂಬವರು. ಸಂಬಳ ಕೊಡುವುದು ಊರ ಜನ, ಅಪ್ಪಣೆ ಬರುವುದು ಸರಕಾರದಿಂದ. ಪುರಸಭೆಗೆ ಸೇರಿದ ಒಂದು ಕೆರೆಯ ಜಾಗ ಖಾಸಗಿಯವರ ಕೈಯಲ್ಲಿ ಉಳಿದಿತ್ತು. ಸದಸ್ಯರನ್ನು ಕತ್ತಲೆಯಲ್ಲಿಟ್ಟು ಕಮಿಷನರರು ಅದಕ್ಕೆ ಎಡೆಕೊಟ್ಟರೆಂಬುದು ಪಟೇಲರ ಆಕ್ಷೇಪವಾಗಿತ್ತು. ಅವರು ಕೂಗಾಡಲಿಲ್ಲ. ಕಾಗದಪತ್ರಗಳನ್ನೆಲ್ಲ ತರಿಸಿ, ಕೋರ್ಟಿನಲ್ಲಿ ಮೊಕದ್ದಮೆ ನಡೆಸುವವರಂತೆ ಒಂದೊಂದೇ ಸಂಗತಿಯನ್ನು ಸಭೆಯ ಮುಂದೆ ಜೋಡಿಸಿ, ಕಮಿಷನರರನ್ನು ತೆಗೆಯಬೇಕೆಂಬ ಠರಾವನ್ನು ತಂದರು. ಆ ಅಧಿಕಾರಿ ಊರು ಬಿಡಬೇಕಾಯಿತು. ಕೆರೆಯಂಗಳ ಒತ್ತುವರಿಯಾಗುವುದು, ಕಡತ ಕಾಣೆಯಾಗುವುದು, ಕೇಳಿದರೆ ಯಾರಿಗೂ ಗೊತ್ತಿಲ್ಲವೆನ್ನುವುದು ನಮಗೇನೂ ಹೊಸದಲ್ಲ. ಕಡತವನ್ನು ಮೊದಲಿನಿಂದ ಕೊನೆಯವರೆಗೆ ಓದುವ ಸದಸ್ಯ ಸಿಕ್ಕುವುದು ಮಾತ್ರ ಅಪರೂಪ.

ಅದೇ ವರ್ಷ ಊರಿಗೆ ಪ್ಲೇಗು ಬಂತು. ಶಾಲೆ, ಕಚೇರಿಗಳು ಮುಚ್ಚಿದವು. ಅನುಕೂಲವಿದ್ದವರು ಊರು ಬಿಟ್ಟರು. ಪಟೇಲರು ಆಗ ಆರೋಗ್ಯ ಸಮಿತಿಯ ಅಧ್ಯಕ್ಷರು. ಅವರು ಊರಲ್ಲೇ ಉಳಿದು ಪೋಳಗಳಲ್ಲಿ ಸುತ್ತಾಡಿ ಚರಂಡಿ ಬಳಿಸುವ, ಔಷಧಿ ಹೊಡೆಸುವ ಕೆಲಸವನ್ನು ನಿಂತು ನೋಡಿದರು. 1919ರಲ್ಲಿ ಇನ್ನೊಂದು ಸೂಚನೆ ತಂದರು: ಹೆಂಗಸರು ಪುರಸಭೆಗೆ ನಿಲ್ಲದಂತೆ ಕಾನೂನಿನಲ್ಲಿದ್ದ ಅಡ್ಡಿಯನ್ನು ತೆಗೆಯಬೇಕೆಂದು. ನೀರು ಬಾರದ ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುವವರು ಯಾರೆಂಬುದನ್ನು ನೆನೆದರೆ ಆ ಸೂಚನೆಯ ನ್ಯಾಯ ಯಾರಿಗಾದರೂ ತಿಳಿಯುತ್ತದೆ.

ಶಾಲೆಗಳ ಪ್ರಕರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅಸಹಕಾರದ ಕಾಲದಲ್ಲಿ, 1921ರಲ್ಲಿ, ಅಹಮದಾಬಾದಿನ ಪುರಸಭೆ ತನ್ನ ಪ್ರಾಥಮಿಕ ಶಾಲೆಗಳಿಗೆ ಸರಕಾರದ ಅನುದಾನ ಬೇಡ, ಸರಕಾರದ ತಪಾಸಣೆಯೂ ಬೇಡ ಎಂದು ನಿರ್ಣಯಿಸಿತು. ಸರಕಾರ ಎಚ್ಚರಿಕೆ ಕೊಟ್ಟಿತು, ಪುರಸಭೆ ಮಣಿಯಲಿಲ್ಲ. 1922ರ ಫೆಬ್ರವರಿಯಲ್ಲಿ ಪುರಸಭೆಯನ್ನೇ ವಜಾ ಮಾಡಿ ಆಡಳಿತವನ್ನು ಒಂದು ಸಮಿತಿಯ ಕೈಗೊಪ್ಪಿಸಲಾಯಿತು. ಅಷ್ಟರೊಳಗೆ ಲಕ್ಷಕ್ಕೂ ಮಿಕ್ಕಿದ ಹಣ ರಾಷ್ಟ್ರೀಯ ಶಾಲೆಗಳನ್ನು ನಡೆಸುವ ಮಂಡಲಿಗೆ ಸಂದಾಯವಾಗಿಹೋಗಿತ್ತು. ಆ ಹಣವನ್ನು ಸದಸ್ಯರ ಕೈಯಿಂದಲೇ ವಸೂಲು ಮಾಡಬೇಕೆಂದು ಸರಕಾರ ಹೂಡಿದ ದಾವೆ ಕೋರ್ಟಿನಲ್ಲಿ ಬಿದ್ದುಹೋಯಿತು. ಇದು ದೊಡ್ಡ ಗೆಲುವೆಂದು ಜೀವನಚರಿತ್ರಕಾರರು ಬರೆದಿದ್ದಾರೆ. ನನಗೆ ಮಾತ್ರ ಇಲ್ಲಿ ಒಂದು ಸಂಶಯ ಉಳಿದಿದೆ. ಪಟ್ಟಿ ಕೊಟ್ಟವರಲ್ಲಿ ಅಸಹಕಾರವನ್ನು ಒಪ್ಪದವರೂ ಇದ್ದಿರಲೇಬೇಕು. ಅವರ ಹಣವೂ ಅದರಲ್ಲಿ ಸೇರಿಹೋಯಿತು. ಪರಕೀಯ ಸರಕಾರದ ವಿರುದ್ಧ ಹೋರಾಡುವಾಗ ಇಂಥ ತೊಡಕುಗಳು ಬರುತ್ತವೆಂದು ಸಮಾಧಾನ ಹೇಳಿಕೊಳ್ಳಬಹುದಾದರೂ ತೊಡಕು ತೊಡಕೇ.

1924ರಲ್ಲಿ ಮತ್ತೆ ಚುನಾವಣೆ ನಡೆದು ಪಟೇಲರು ಅಧ್ಯಕ್ಷರಾದರು. ಆ ಕಾಲವನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಕಲಕತ್ತೆಗೆ ದೇಶಬಂಧು ದಾಸರು ಮೇಯರು, ಪಾಟಣಾಕ್ಕೆ ರಾಜೇಂದ್ರ ಪ್ರಸಾದರು, ಅಲಹಾಬಾದಿಗೆ ಜವಾಹರಲಾಲರು. ಮುಂಬಯಿಯ ಕಾರ್ಪೊರೇಶನ್ನಿನಲ್ಲಿ ಪಟೇಲರ ಅಣ್ಣ ವಿಠಲಭಾಯಿ. ಕೆಲವು ವರ್ಷ ಮೊದಲು ರಾಜಾಜಿ ಸೇಲಂ ಮುನಿಸಿಪಾಲಿಟಿಯ ಅಧ್ಯಕ್ಷರಾಗಿದ್ದರು. ಮುಂದೆ ದೇಶವನ್ನಾಳಿದವರಲ್ಲಿ ಹಲವರು ಮೊದಲು ಕಸದ ಬಂಡಿಗಳನ್ನು ಲೆಕ್ಕ ಮಾಡಿದವರೇ.

ಈ ಅವಧಿಯಲ್ಲಿ ನಡೆದ ಕೆಲಸಗಳಲ್ಲಿ ನಗರರಚನೆಯದು ಮುಖ್ಯವಾದದ್ದು. 1915ರ ಮುಂಬಯಿ ನಗರರಚನಾ ಕಾಯಿದೆ ಇಡೀ ಇಲಾಖೆಗೆ ಅನ್ವಯಿಸುತ್ತಿತ್ತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆ ಇಲಾಖೆಗೇ ಸೇರಿದ್ದವು. ಆದರೆ ಅಹಮದಾಬಾದಿನಷ್ಟು ಅದನ್ನು ಬಳಸಿಕೊಂಡ ಊರು ವಿರಳ. ಅದರ ಬಗೆ ಹೀಗೆ. ಊರ ಹೊರಗೆ ಹತ್ತು ಜನರ ಹೊಲಗಳಿವೆಯೆನ್ನಿ. ಒಂದು ಸೊಟ್ಟ, ಒಂದು ಉದ್ದ, ಒಂದಕ್ಕೆ ದಾರಿಯೇ ಇಲ್ಲ. ಪುರಸಭೆ ಅವುಗಳನ್ನೆಲ್ಲ ಕಾಗದದ ಮೇಲೆ ಒಂದುಗೂಡಿಸಿ, ಬೀದಿ, ಚರಂಡಿ, ಬಯಲುಗಳಿಗೆ ಬೇಕಾದಷ್ಟನ್ನು ತೆಗೆದು, ಉಳಿದುದನ್ನು ನೆಟ್ಟಗಿನ ನಿವೇಶನಗಳಾಗಿ ಕತ್ತರಿಸಿ ಆಯಾ ಒಡೆಯರಿಗೇ ಹಿಂದಿರುಗಿಸುತ್ತದೆ. ಜಾಗ ಕಡಿಮೆಯಾಯಿತು, ಬೆಲೆ ಏರಿತು. ಏರಿದ ಬೆಲೆಯಲ್ಲಿ ಅರ್ಧಕ್ಕೆ ಮೀರದಂತೆ ಒಂದು ಪಾಲನ್ನು ಒಡೆಯ ಪುರಸಭೆಗೆ ಕೊಡಬೇಕು. ಬೀದಿಯ ಖರ್ಚು ಅದರಿಂದ ಹುಟ್ಟಬೇಕು. ತಕರಾರುಗಳನ್ನು ತೀರ್ಮಾನಿಸಲು ಸರಕಾರ ನೇಮಿಸಿದ ಪಂಚರಿರುತ್ತಾರೆ. ಹೇಳಲು ಸುಲಭ. ಅಪ್ಪ ಅಜ್ಜರ ಹೊಲದ ನಡುವೆ ಗೂಟ ನೆಟ್ಟಾಗ ಯಾವ ರೈತನಿಗೆ ಸಮಾಧಾನವಾದೀತು? ಸ್ವಂತ ಜಾಗವೇ ಇಲ್ಲದೆ ಗುಡಿಸಲು ಹಾಕಿಕೊಂಡವನಿಗೆ ಈ ಲೆಕ್ಕದಲ್ಲಿ ಪಾಲೂ ಇರಲಿಲ್ಲ. ಆದರೂ ಜಮೀನನ್ನೆಲ್ಲ ಕೊಂಡು ಒಡೆಯರನ್ನು ಒಕ್ಕಲೆಬ್ಬಿಸುವುದಕ್ಕಿಂತ ಇದು ಮೇಲು. ಸಾಬರಮತಿಯ ಆಚೆ ದಂಡೆಯ ಎಲಿಸ್‌ಬ್ರಿಜ್ ಬಡಾವಣೆ ಬೆಳೆದದ್ದು ಈ ಬಗೆಯ ಯೋಜನೆಯಿಂದಲೇ.

ಕೋಟೆಗೋಡೆಯನ್ನು ಕೆಡವುವ ಕೆಲಸವೂ ಇದೇ ಕಾಲದ ಚರ್ಚೆ. ಗಾಳಿ ಬೆಳಕುಗಳಿಗೆ ಅಡ್ಡವೆಂದು ಕೆಲವರು, ಊರಿನ ಮಾನವೆಂದು ಕೆಲವರು. ಗೋಡೆ ಒಮ್ಮೆಗೇ ಬೀಳಲಿಲ್ಲ. ತುಂಡು ತುಂಡಾಗಿ, ವರ್ಷಗಟ್ಟಲೆ ಹಿಡಿದು ಹೋಯಿತು. ಅದು ನಿಂತಿದ್ದಲ್ಲಿ ಊರ ಸುತ್ತ ರಸ್ತೆ ಬಂತು. ಅದರ ಹಲವು ಬಾಗಿಲುಗಳು ಮಾತ್ರ ಇಂದಿಗೂ ವಾಹನಗಳ ನಡುವೆ ಒಂಟಿಯಾಗಿ ನಿಂತಿವೆ.

ಹಣದ ಮಾತು ಬೇಸರದ್ದಾದರೂ ಬಿಡುವಂತಿಲ್ಲ. ಆ ಕಾಲದ ಮುನಿಸಿಪಾಲಿಟಿಗಳ ಮುಖ್ಯ ಆಧಾರ ಜಕಾತಿ. ಊರಬಾಗಿಲ ನಾಕೆಯಲ್ಲಿ ಗಾಡಿ ನಿಲ್ಲಿಸಿ ತುಪ್ಪ, ಸಕ್ಕರೆ, ಸೌದೆಗಳ ಮೇಲೆ ಸುಂಕ ತೆಗೆದುಕೊಳ್ಳುವ ಈ ಪದ್ಧತಿಯನ್ನು ಹುಬ್ಬಳ್ಳಿ ಗದಗುಗಳ ನಮ್ಮ ಹಿರಿಯರು ಚೆನ್ನಾಗಿ ಬಲ್ಲರು. ಇಂದಿನ ಮಕ್ಕಳಿಗೆ ಆ ಪದವೇ ಹೊಸದು. ಜಕಾತಿ ಬಡವನ ಅನ್ನದೊಳಗೆ ಕಾಣದಂತೆ ಸೇರಿಕೊಳ್ಳುತ್ತದೆ. ಮನೆಪಟ್ಟಿ ಮನೆಯ ಬೆಲೆ ನೋಡಿ ಬೀಳುತ್ತದೆ. ಆದ್ದರಿಂದ ಮನೆಪಟ್ಟಿಗೆ ಯಾವಾಗಲೂ ಗಲಾಟೆ, ಜಕಾತಿಗೆ ಅಷ್ಟಿಲ್ಲ. ನನ್ನ ಅನುಭವವೊಂದನ್ನು ಹೇಳಿಬಿಡುತ್ತೇನೆ. ಈ ಕಡೆಗೆ ಬಂದ ಹೊಸದರಲ್ಲಿ, ಊರ ಹೆಸರು ಬೇಡ, ನಲ್ಲಿಯ ಅರ್ಜಿ ಹಿಡಿದು ಕಚೇರಿಗೆ ಹೋಗಿದ್ದೆ. ನಿಮ್ಮದು ಯಾವ ವಾರ್ಡು, ಸದಸ್ಯರು ಯಾರು ಎಂದು ಗುಮಾಸ್ತರು ಕೇಳಿದರು. ಆರು ವರ್ಷದಿಂದ ಪಟ್ಟಿ ಕಟ್ಟುತ್ತಿದ್ದರೂ ನನಗೆ ಎರಡೂ ತಿಳಿದಿರಲಿಲ್ಲ. ನಮ್ಮೂರಿನ ವಾರ್ಡಿನವರ ಹೆಸರು ಮಾತ್ರ ಬಾಯಿಪಾಠವಾಗಿತ್ತು.

1927ರ ಜುಲೈ ಕೊನೆಯ ವಾರ ಗುಜರಾತಿಗೆ ಮಹಾವೃಷ್ಟಿ. ಐದಾರು ದಿನಗಳಲ್ಲಿ ಅಹಮದಾಬಾದಿನಲ್ಲಿ ಐವತ್ತು ಅಂಗುಲಕ್ಕೂ ಮಿಕ್ಕಿ ಮಳೆ ಸುರಿಯಿತು. ವರ್ಷವಿಡೀ ಬೀಳುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು. ಒಂದು ರಾತ್ರಿ ಪಟೇಲರು ಮಲಗದೆ ಮಳೆಯಲ್ಲೇ ಊರು ಸುತ್ತಿ, ಎಲ್ಲಿ ನೀರು ಕಟ್ಟಿದೆಯೆಂದು ನೋಡಿಕೊಂಡು, ಮುನಿಸಿಪಲ್ ಇಂಜಿನಿಯರರನ್ನು ಮನೆಯಿಂದ ಎಬ್ಬಿಸಿದರು. ಮೋರಿಗಳನ್ನು ಒಡೆಸಿ ನೀರಿಗೆ ದಾರಿ ಮಾಡಿಸಿದರು. ಅನಂತರ ಜಿಲ್ಲೆಯ ಹಳ್ಳಿಗಳ ಪರಿಹಾರದ ಕೆಲಸಕ್ಕೆ ಇಳಿದರು. ಬಾರ್ಡೋಲಿಗೆ ಬೇಕಾದ ಕಾರ್ಯಕರ್ತರ ಪಡೆ ಕೆಸರಿನಲ್ಲಿ ನಡೆದಾಡಿ ತಯಾರಾದದ್ದು ಆಗಲೇ.

ಪುರಸಭೆಯಿಂದ ಅವರು ಹೊರಬಂದದ್ದು ಯಾವ ಮಹಾಪ್ರಶ್ನೆಯ ಮೇಲೂ ಅಲ್ಲ. ಒಬ್ಬ ಅಧಿಕಾರಿಯ ನೇಮಕದ ವಿಷಯದಲ್ಲಿ ಹೆಚ್ಚಿನ ಸದಸ್ಯರು ಅವರ ಅಭಿಪ್ರಾಯಕ್ಕೆ ವಿರೋಧವಾಗಿ ಮತ ಕೊಟ್ಟರು. 1928ರ ಏಪ್ರಿಲಿನಲ್ಲಿ ಅವರು ಅಧ್ಯಕ್ಷಪದವಿಗೆ ರಾಜೀನಾಮೆಯಿತ್ತರು. ಅದನ್ನು ಹಟವೆಂದು ಕೆಲವರು ಬಗೆಯಬಹುದು. ಹನ್ನೊಂದು ವರ್ಷ ಮಣ್ಣು ಹೊತ್ತವನು ಒಂದು ಮತಕ್ಕೆ ಮುನಿದನೆಂದರೆ ಮನುಷ್ಯಸಹಜವೆಂದೇ ನನಗೆ ತೋರುತ್ತದೆ. ಆ ಹೊತ್ತಿಗೆ ಬಾರ್ಡೋಲಿಯ ರೈತರು ಹೆಚ್ಚಿಸಿದ ಕಂದಾಯವನ್ನು ಕೊಡೆವೆಂದು ನಿಂತಿದ್ದರು; ಅವರ ಮುಂದಾಳಾಗಿ ಪಟೇಲರು ಸರ್ದಾರರೆನಿಸಿದ್ದು ಆ ವರ್ಷವೇ.

ಅವರ ಅಧ್ಯಕ್ಷತೆಯ ಕಾಲದ ಒಂದು ಬಾಕಿ ಉಳಿದಿತ್ತು. ಎಲಿಸ್‌ಬ್ರಿಜ್ ಸಮೀಪದ ವಿಕ್ಟೋರಿಯಾ ಉದ್ಯಾನದಲ್ಲಿ ಲೋಕಮಾನ್ಯ ತಿಲಕರ ಪ್ರತಿಮೆಯನ್ನು ನಿಲ್ಲಿಸಬೇಕೆಂದು ಪುರಸಭೆ ನಿಶ್ಚಯಿಸಿತ್ತು. ರಾಣಿಯ ಹೆಸರಿನ ತೋಟದಲ್ಲಿ ತಿಲಕರೆಂದರೆ ಸರಕಾರಕ್ಕೆ ಹಿಡಿಸಲಿಲ್ಲ. 1929ರ ಫೆಬ್ರವರಿಯಲ್ಲಿ ಗಾಂಧೀಜಿಯವರ ಕೈಯಿಂದ ಆ ಪ್ರತಿಮೆ ಅಲ್ಲೇ ಅನಾವರಣವಾಯಿತು.