ಸರ್ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್

ಮೊದಲನೆಯ ಮಹಾಯುದ್ಧದ ಕಾಲ. ಈಜಿಯನ್ ಸಮುದ್ರ ಪ್ರದೇಶಕ್ಕೆ ಹೋಗಿದ್ದ ಇಂಗ್ಲೆಂಡಿನ ತರುಣ ವಿಮಾನ ಚಾಲಕರೊಬ್ಬರು 1917ರಲ್ಲಿ ಕ್ಷಯರೋಗಕ್ಕೆ ತುತ್ತಾಗಿ ತಾಯ್ನಾಡಿಗೆ ಮರಳಿದರು. ಕ್ಷಯಕ್ಕೆ ಮದ್ದಿಲ್ಲದ ದಿನಗಳವು. ಅವರು ಬಹುಕಾಲ ಬದುಕುವರೆಂಬ ಭರವಸೆ ಯಾರಿಗೂ ಇರಲಿಲ್ಲ. ಅವರೇ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್.

ಹಿಲ್ ಅವರು 1897ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆ ಹೆಸರಾಂತ ಶರೀರಶಾಸ್ತ್ರಜ್ಞರು. ಮಗನಿಗೆ ವೈದ್ಯನಾಗುವ ಹಂಬಲ. ರೋಗವು ಅದನ್ನು ಕಸಿದುಕೊಂಡಿತು. ಹಾಸಿಗೆ ಹಿಡಿದಿದ್ದಾಗಲೇ ಅಂಚೆಯ ಮೂಲಕ ಅರ್ಥಶಾಸ್ತ್ರವನ್ನು ಅಭ್ಯಸಿಸಿ, 1922ರಲ್ಲಿ ಪದವಿ ಪಡೆದರು. ಅನಂತರ ಸಂಖ್ಯಾಶಾಸ್ತ್ರದತ್ತ ಒಲಿದರು.

ಆಗಿನ ವೈದ್ಯರು ಹೊಸ ಮದ್ದನ್ನು ತಮಗೆ ತೋಚಿದ ರೋಗಿಗಳಿಗೆ ಕೊಟ್ಟು, ಇಷ್ಟು ಮಂದಿ ಗುಣಹೊಂದಿದರೆಂದು ಬರೆಯುತ್ತಿದ್ದುದುಂಟು. ಮದ್ದಿಲ್ಲದೆಯೂ ಅವರಲ್ಲಿ ಎಷ್ಟು ಮಂದಿ ಚೇತರಿಸಿಕೊಳ್ಳುತ್ತಿದ್ದರು? ಗಟ್ಟಿಮುಟ್ಟಾದವರನ್ನೇ ಆರಿಸಿಕೊಂಡಿರಲಿಲ್ಲವೆ? ಇಂಥ ಪ್ರಶ್ನೆಗಳನ್ನು ಕೇಳಲು ವೈದ್ಯರಿಗೆ ಕಲಿಸುವುದಕ್ಕಾಗಿ ಹಿಲ್ ಅವರು 1937ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಖನಮಾಲೆಯೊಂದನ್ನು ಬರೆದರು. ಗಣಿತಕ್ಕೆ ಅಂಜುವವರಿಗೂ ತಿಳಿಯುವ ಬರಹವದು. ರೋಗಿಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಬೇಕೆಂಬ ಮಾತನ್ನು ಮಾತ್ರ ಅದರಲ್ಲಿ ಬೇಕೆಂದೇ ಬಿಟ್ಟಿದ್ದರು. ವೈದ್ಯರು ಬೆದರಿ ದೂರ ಸರಿದಾರೆಂಬ ಶಂಕೆ ಅವರಿಗಿತ್ತು. ಒಳ್ಳೆಯ ಉಪಾಧ್ಯಾಯರ ಲಕ್ಷಣವಿದು.

ಹತ್ತು ವರ್ಷಗಳ ತರುವಾಯ ಆ ಮಾತಿಗೂ ಕಾಲ ಕೂಡಿಬಂದಿತು. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದು ದೊರೆತಿತ್ತು. ಆದರೆ ಯುದ್ಧದಿಂದ ಬಡವಾಗಿದ್ದ ಬ್ರಿಟನ್ನಿಗೆ ಅದು ದಕ್ಕಿದ್ದು ಅತ್ಯಲ್ಪ. ಸಾಯುತ್ತಿರುವವರಲ್ಲಿ ಕೆಲವರಿಗೆ ಕೊಟ್ಟು ಕೆಲವರಿಗೆ ಕೊಡದಿರುವುದು ಧರ್ಮವೆ? ಹೇಗಿದ್ದರೂ ಎಲ್ಲರಿಗೂ ಸಾಲದ ಮದ್ದು. ಅದರ ನಿಜವಾದ ಗುಣವನ್ನು ಅರಿಯುವ ಅವಕಾಶವನ್ನು ಕಳೆದುಕೊಳ್ಳುವುದೇ ಅಧರ್ಮವೆಂದು ಹಿಲ್ ಬಗೆದರು. ಯಾರಿಗೆ ಮದ್ದು, ಯಾರಿಗೆ ಬರಿಯ ವಿಶ್ರಾಂತಿ ಎಂಬುದನ್ನು ಮುಚ್ಚಿದ ಲಕೋಟೆಗಳು ನಿರ್ಧರಿಸಿದವು. ಎಕ್ಸ್-ರೇ ಚಿತ್ರಗಳನ್ನು ಪರೀಕ್ಷಿಸಿದವರಿಗೆ ಅವು ಯಾವ ಗುಂಪಿನವರವೆಂಬುದು ತಿಳಿದಿರಲಿಲ್ಲ. ಆರು ತಿಂಗಳಲ್ಲಿ, ಮದ್ದು ಪಡೆದ 55 ಮಂದಿಯಲ್ಲಿ 4 ಮಂದಿ ತೀರಿಕೊಂಡಿದ್ದರು. ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಮಂದಿ. ಆದರೆ ರೋಗಾಣುಗಳು ಮದ್ದಿಗೆ ಜಗ್ಗದಂತಾಗುತ್ತಿದ್ದುದನ್ನೂ 1948ರ ವರದಿ ಮರೆಮಾಚಲಿಲ್ಲ. ಮುಂದಿನ ವರ್ಷಗಳಲ್ಲಿ ಎರಡು ಗುಂಪುಗಳ ಅಂತರ ಬಹಳ ಕುಗ್ಗಿತು. ಒಂದೇ ಮದ್ದು ಸಾಲದೆಂಬುದು ಸ್ಪಷ್ಟವಾಯಿತು.

ರಿಚರ್ಡ್ ಡಾಲ್ ಅವರೊಡನೆ ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ಹಿಲ್ 1950ರಲ್ಲಿ ತೋರಿಸಿಕೊಟ್ಟರು. ಮರುವರ್ಷ ಬ್ರಿಟನ್ನಿನ ವೈದ್ಯರಿಗೇ ಪತ್ರ ಬರೆದು ಅವರ ಧೂಮಪಾನದ ಅಭ್ಯಾಸವನ್ನು ವಿಚಾರಿಸಿದರು. ಸುಮಾರು 40,000 ಮಂದಿ ಉತ್ತರಿಸಿದರು. ಅಂಕಿಗಳನ್ನು ಓದಲು ಕಲಿತ ವೈದ್ಯರು ಈಗ ತಾವೇ ಅಂಕಿಗಳಾದರು. ಅವರಲ್ಲಿ ಅನೇಕರು ಸಿಗರೇಟನ್ನು ತ್ಯಜಿಸಿದರು.

ಹೆಚ್ಚು ಕಾಲ ಬದುಕಲಾರರೆಂದು ಎಣಿಸಲಾಗಿದ್ದ ಹಿಲ್ ಅವರು 1991ರಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ ನಿಧನರಾದರು.