ಮನೆಯನ್ನು ಮರೆಯದ ಜನನಾಯಕ ಜೋಕಿಂ ಆಳ್ವ

ಪೀರನವಾಡಿಯನ್ನು ದಾಟಿ ಖಾನಾಪುರದ ದಾರಿ ಹಿಡಿದವರು ತಮಗೆ ಅರಿವಿಲ್ಲದೆಯೇ ಒಂದು ಎಲ್ಲೆಯನ್ನು ದಾಟುತ್ತಾರೆ. ಬೆಳಗಾವಿ ಲೋಕಸಭಾ ಕ್ಷೇತ್ರ ಹಿಂದೆ ಉಳಿಯುತ್ತದೆ, ಉತ್ತರ ಕನ್ನಡ ಕ್ಷೇತ್ರ ಎದುರಾಗುತ್ತದೆ. ಖಾನಾಪುರದವರು ಬಾಳುವುದು ಬೆಳಗಾವಿ ಜಿಲ್ಲೆಯಲ್ಲಿ, ಲೋಕಸಭೆಗೆ ಮತ ನೀಡುವುದು ಕಾರವಾರ, ಶಿರಸಿಗಳವರೊಡನೆ. ಹಿಂದೆ ಕೆನರಾ ಎಂದು ಕರೆಸಿಕೊಳ್ಳುತ್ತಿದ್ದ ಈ ಕ್ಷೇತ್ರದ ಗಡಿಗಳು ಕಾಲಕಾಲಕ್ಕೆ ಬದಲಾಗಿವೆ. ಆದರೆ ಅದನ್ನು 1952, 1957 ಮತ್ತು 1962ರ ಚುನಾವಣೆಗಳಲ್ಲಿ ಗೆದ್ದು ದೆಹಲಿಗೆ ಹೋದವರು ನಮ್ಮ ಕಥೋಲಿಕ ಸಮುದಾಯದ ಜೋಕಿಂ ಆಳ್ವರು ಎಂಬುದನ್ನು ಇಂದಿನ ಯುವಕರಲ್ಲಿ ಬಲ್ಲವರು ವಿರಳ.

ಅವರನ್ನು ನೆನೆಯುವವರೂ ಸ್ವಾತಂತ್ರ್ಯ ಹೋರಾಟಗಾರರೆಂದು, ಪತ್ರಕರ್ತರೆಂದು, ಸಂಸದರೆಂದು ನೆನೆಯುತ್ತಾರೆ. ಈ ವಾರ ನಾವು ಅವರನ್ನು ಒಬ್ಬ ಗೃಹಸ್ಥರೆಂದು ಸ್ಮರಿಸಲು ಬಯಸುತ್ತೇವೆ. ಮಾತೆ ಮರಿಯಳ ತಂದೆಯಾದ ಸಂತ ಜೋಕಿಂ ಹಾಗೂ ತಾಯಿ ಸಂತ ಅನ್ನಮ್ಮನವರ ಹಬ್ಬವನ್ನು ಧರ್ಮಸಭೆ ಜುಲೈ 26ರಂದು ಒಂದೇ ದಿನ ಆಚರಿಸುತ್ತದೆ. ಪತಿಪತ್ನಿಯರನ್ನು ಬೇರ್ಪಡಿಸಿ ನೆನೆಯುವುದಿಲ್ಲ. ಆ ಸಂತರ ಹೆಸರನ್ನು ಹೊತ್ತ ಆಳ್ವರ ಜೀವನಕಥೆಯನ್ನೂ ಪತ್ನಿ ವಯಲೆಟ್ ಅವರನ್ನು ಬಿಟ್ಟು ಹೇಳಲು ಬರುವುದಿಲ್ಲ.

ಜೋಕಿಂ ಆಳ್ವರು ಜನಿಸಿದ್ದು 1907ರ ಜನವರಿ 21ರಂದು, ಉಡುಪಿ ಸಮೀಪದ ಬೆಳ್ಳೆಯಲ್ಲಿ. ಉನ್ನತ ವ್ಯಾಸಂಗಕ್ಕಾಗಿ ಮುಂಬಯಿಗೆ ಹೋಗಿ ನ್ಯಾಯಶಾಸ್ತ್ರ ಕಲಿತರು. ಕ್ರೈಸ್ತರಲ್ಲಿ ಅನೇಕರು ಬ್ರಿಟಿಷ್ ಆಡಳಿತದ ವಿರುದ್ಧ ದನಿಯೆತ್ತಲು ಹಿಂಜರಿಯುತ್ತಿದ್ದ ಕಾಲವದು. ಇಪ್ಪತ್ತಮೂರು ವರ್ಷದ ಈ ತರುಣರು 1930ರಲ್ಲಿ ರಾಷ್ಟ್ರೀಯ ಕ್ರೈಸ್ತ ಪಕ್ಷವನ್ನು ಸ್ಥಾಪಿಸಿ, ಸ್ವಧರ್ಮೀಯರನ್ನು ಸ್ವಾತಂತ್ರ್ಯ ಸಂಗ್ರಾಮದ ಕಡೆಗೆ ಕರೆದರು. ಸರಕಾರ ಅವರನ್ನು ಎರಡು ಬಾರಿ ಸೆರೆಮನೆಗೆ ಅಟ್ಟಿತು.

ವಯಲೆಟ್ ಹರಿ ಅವರು ಅಹಮದಾಬಾದಿನಲ್ಲಿ 1908ರಲ್ಲಿ ಜನಿಸಿದವರು. ತಂದೆ ಲಕ್ಷ್ಮಣ ಹರಿಯವರು ಇಂಗ್ಲೆಂಡ್ ಸಭೆಯ ಮೊದಲ ಭಾರತೀಯ ಪಾದ್ರಿಗಳಲ್ಲಿ ಒಬ್ಬರು. ಒಂಬತ್ತು ಮಕ್ಕಳಲ್ಲಿ ಎಂಟನೆಯವರಾದ ವಯಲೆಟ್ ಹದಿನಾರು ತುಂಬುವ ವೇಳೆಗೆ ತಾಯಿತಂದೆ ಇಬ್ಬರನ್ನೂ ಕಳೆದುಕೊಂಡರು. ಒಡಹುಟ್ಟಿದ ಹಿರಿಯರ ಆಸರೆಯಲ್ಲಿ ಓದಿ ಇಂಗ್ಲಿಷ್ ಪ್ರಾಧ್ಯಾಪಕಿಯಾದರು, ವಕೀಲೆಯೂ ಆದರು. ಮಂಗಳೂರು ಸೀಮೆಯ ಕಥೋಲಿಕ ಯುವಕ, ಗುಜರಾತಿನಲ್ಲಿ ಹುಟ್ಟಿದ ಪ್ರೊಟೆಸ್ಟೆಂಟ್ ಪಾದ್ರಿಯ ಮಗಳು. ಇವರ ವಿವಾಹ ನೆರವೇರಿದ್ದು 1937ರಲ್ಲಿ. ಮನೆತನ, ಊರು, ಭಾಷೆ ಎಲ್ಲವನ್ನೂ ಅಳೆದು ತೂಗಿ ಸಂಬಂಧ ಬೆಳೆಸುವ ನಮ್ಮ ಕುಟುಂಬಗಳಿಗೆ ಇದು ಇಂದಿಗೂ ಸಲೀಸಾದ ಸಂಗತಿಯಲ್ಲ.

ದಂಪತಿಗಳು ಜೊತೆಯಾಗಿ ವಕೀಲಿ ನಡೆಸಿದರು. 1943ರಲ್ಲಿ ಫೋರಂ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ನಿರಂಜನ, ಚಿತ್ತರಂಜನ ಎಂಬ ಇಬ್ಬರು ಗಂಡುಮಕ್ಕಳು, ಮಾಯಾ ಎಂಬ ಮಗಳು. ಸಂಸಾರಕ್ಕೆ ಅತ್ಯಂತ ಕಠಿಣವಾದ ವರ್ಷವೂ 1943ರದೇ. ಆ ವರ್ಷ ವಯಲೆಟ್ ಅವರ ಬಂಧನವಾದಾಗ ಚಿತ್ತರಂಜನನಿಗೆ ಐದೇ ತಿಂಗಳು. ಮೊಲೆವಾಲು ಬಿಡದ ಕೂಸನ್ನು ಎತ್ತಿಕೊಂಡೇ ಆ ತಾಯಿ ಆರ್ಥರ್ ರಸ್ತೆಯ ಸೆರೆಮನೆಯನ್ನು ಹೊಕ್ಕರು. ದೇಶಕ್ಕಾಗಿ ತಾನು ಸೆರೆಗೆ ಹೋಗುವುದು ಒಂದು ಬಗೆ. ಮಡದಿಯೂ ಹಸುಗೂಸೂ ಹೋಗುವುದನ್ನು ಕಾಣುವುದು ಇನ್ನೊಂದು ಬಗೆ. ಎರಡನ್ನೂ ಕಂಡವರು ಆಳ್ವರು.

ಮರುವರ್ಷವೇ, 1944ರಲ್ಲಿ, ವಯಲೆಟ್ ಅವರು ಉಚ್ಚ ನ್ಯಾಯಾಲಯದ ಪೂರ್ಣಪೀಠದ ಮುಂದೆ ವಾದ ಮಂಡಿಸಿದ ಭಾರತದ ಮೊದಲ ವಕೀಲೆಯೆನಿಸಿದರು. ಮಹಿಳೆಯರಿಗಾಗಿ ಬೇಗಂ ಎಂಬ ಪತ್ರಿಕೆಯನ್ನೂ ಹೊರಡಿಸಿದರು. ಸ್ವಾತಂತ್ರ್ಯಾನಂತರ ಆಳ್ವರು 1949ರಲ್ಲಿ ಮುಂಬಯಿಯ ಷರೀಫರಾದರು. 1952ರಲ್ಲಿ ಪತಿ ಲೋಕಸಭೆಗೆ, ಪತ್ನಿ ರಾಜ್ಯಸಭೆಗೆ ಆಯ್ಕೆಯಾಗಿ, ಭಾರತದ ಸಂಸತ್ತಿನ ಪ್ರಥಮ ದಂಪತಿ ಎಂಬ ಹೆಸರು ಪಡೆದರು. ಆಗ ಬೆಳಗಾವಿಯೂ ಕಾರವಾರವೂ ಮುಂಬಯಿ ರಾಜ್ಯದಲ್ಲಿದ್ದವು; 1956ರಲ್ಲಿ ಎರಡೂ ಮೈಸೂರು ರಾಜ್ಯಕ್ಕೆ ಸೇರಿದವು.

ಮುಂದಿನ ವರ್ಷಗಳಲ್ಲಿ ಪತ್ನಿಯ ಸ್ಥಾನ ಪತಿಗಿಂತ ಮೇಲೇರಿತು. 1957ರಲ್ಲಿ ವಯಲೆಟ್ ಗೃಹಖಾತೆಯ ಉಪಸಚಿವೆಯಾದರು, 1962ರಲ್ಲಿ ರಾಜ್ಯಸಭೆಯ ಉಪಸಭಾಪತಿಯಾದರು. ಆ ಸಭೆಯ ಪೀಠವನ್ನೇರಿದ ಪ್ರಥಮ ಮಹಿಳೆ ಅವರು. ಆಳ್ವರು ಮಂತ್ರಿಯಾಗಲಿಲ್ಲ. ಮೂರು ಬಾರಿ ಜನರಿಂದ ಗೆದ್ದು ಬಂದ ಗಂಡಸಿಗೆ ಇದು ಮುಳ್ಳಾಗಿ ಚುಚ್ಚಬಹುದಿತ್ತು. ಆಕೆಯನ್ನು ತಡೆದವರು ಅವರಲ್ಲ. 1968ರ ಏಪ್ರಿಲಿನಲ್ಲಿ ಅವರು ರಾಜ್ಯಸಭೆಗೆ ನಾಮಕರಣಗೊಂಡರು. ಅಲ್ಲಿಂದ ಒಂದೂವರೆ ವರ್ಷ ಮಡದಿ ಉಪಸಭಾಪತಿ, ಪತಿ ಅದೇ ಸಭೆಯ ಸದಸ್ಯ. ಆಕೆ ಪೀಠದಲ್ಲಿದ್ದಾಗ ಮಾತಾಡಲು ಅವರೂ ಇತರರಂತೆ ಆಕೆಯ ಅನುಮತಿಯನ್ನೇ ಪಡೆಯಬೇಕಿತ್ತು. ಮನೆಯಲ್ಲಿ ಯಜಮಾನಿಕೆಯ ಲೆಕ್ಕ ಹಾಕುವ ಗಂಡಂದಿರು ಈ ದೃಶ್ಯವನ್ನು ಒಮ್ಮೆ ಕಲ್ಪಿಸಿಕೊಳ್ಳಬಹುದು.

1969ರಲ್ಲಿ ವಯಲೆಟ್ ಅವರು ಉಪರಾಷ್ಟ್ರಪತಿ ಪದವಿಯನ್ನು ಬಯಸಿದ್ದರು. ಪ್ರಧಾನಿ ಇಂದಿರಾ ಗಾಂಧಿಯವರ ಬೆಂಬಲ ದೊರೆಯಲಿಲ್ಲ. ನವೆಂಬರಿನಲ್ಲಿ ಉಪಸಭಾಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ, ನವೆಂಬರ್ 20ರಂದು, ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಮೂವತ್ತೆರಡು ವರ್ಷಗಳ ದಾಂಪತ್ಯ ಹೀಗೆ ಮುನ್ಸೂಚನೆಯಿಲ್ಲದೆ ಮುಗಿಯಿತು. ಆಳ್ವರಿಗೆ ಆಗ ಅರವತ್ತೆರಡು.

ಆಕೆ ಕುಳಿತಿದ್ದ ಪೀಠದ ಎದುರಿನಲ್ಲಿಯೇ ಅವರು ಇನ್ನೂ ನಾಲ್ಕು ವರ್ಷಗಳಿಗೂ ಮಿಗಿಲಾಗಿ ಸದಸ್ಯರಾಗಿದ್ದರು. ಹಿರಿಯ ಮಗ ನಿರಂಜನರು 1964ರಲ್ಲಿ ಮಂಗಳೂರಿನ ಮಾರ್ಗರೆಟ್ ನಜರೆತ್ ಅವರ ಕೈಹಿಡಿದಿದ್ದರು. ಸೊಸೆಯೂ ವಕೀಲೆ. 1974ರ ಏಪ್ರಿಲಿನಲ್ಲಿ ಮಾವನ ಅವಧಿ ಮುಗಿಯಿತು. ಅದೇ ತಿಂಗಳು ಮಾರ್ಗರೆಟ್ ಆಳ್ವ ಅವರು ರಾಜ್ಯಸಭೆಯನ್ನು ಪ್ರವೇಶಿಸಿದರು. ಮಾವ ಪ್ರತಿನಿಧಿಸಿದ್ದ ಕೆನರಾ ಕ್ಷೇತ್ರದಿಂದಲೇ 1999ರಲ್ಲಿ ಲೋಕಸಭೆಗೂ ಗೆದ್ದರು. ಅದನ್ನು ಕಾಣಲು ಆಳ್ವರು ಇರಲಿಲ್ಲ. ಅವರು 1979ರ ಜೂನ್ 28ರಂದು ಕಾಲವಾಗಿದ್ದರು.

2007ರಲ್ಲಿ ಈ ದಂಪತಿಗಳ ಭಾವಚಿತ್ರವನ್ನು ಸಂಸತ್ತಿನಲ್ಲಿ ಅನಾವರಣಗೊಳಿಸಲಾಯಿತು. ಮರುವರ್ಷ ಅಂಚೆ ಇಲಾಖೆ ಅವರ ನೆನಪಿಗೆ ಅಂಚೆಚೀಟಿ ಹೊರತಂದಿತು. ಅದು ಇಬ್ಬರಿಗೂ ಸೇರಿದ ಒಂದೇ ಚೀಟಿ.